ಭೂತಪ್ಪ ಕಟ್ಟಿದ ಪಾತ್ರ

ಸಮತಾ ಚಪ್ಪಲಿ ಬಿಟ್ಟು ಒಳಗೆ ಕಾಲಿಡುವ ಹೊತ್ತಿಗೆ ಚೌಡಮ್ಮ ಗಂಡ ಭೂತಪ್ಪನ ಬ್ಯಾಗನ್ನು ತಲೆಕೆಳಗು ಮಾಡಿ ಚಾಪೆಯ ಮೇಲೆ ಸುರಿಯುತ್ತಿದ್ದಳು. ಆಧಾರ್ ಕಾರ್ಡ್ ತೋರಿಸದೆ ಮಣ್ಣು ಮಾಡಲು ಚೀಟಿ ಕೊಡುವುದಿಲ್ಲ ಎಂದು ನಗರಸಭೆಯವರು ಹೇಳಿಕಳಿಸಿದ್ದರಂತೆ. ಬದುಕಿದ್ದಾಗ ನೀನು ಯಾರು ಎಂದು ಕೇಳದವರು ಸತ್ತ ಮೇಲೆ ಕೇಳುತ್ತಾರೆ, ಏನು ಮಾಡುವುದು. ಬ್ಯಾಗಿನಿಂದ ಊಟದ ಡಬ್ಬಿ ಬಿತ್ತು, ಕನ್ನಡಕ ಬಿತ್ತು, ಶಿವಮೊಗ್ಗದ ಬಸ್ ಪಾಸು ಬಿತ್ತು, ರಬ್ಬರ್ ಬ್ಯಾಂಡ್ ಹಾಕಿದ ಕಾಗದಗಳ ಕಟ್ಟು ಬಿತ್ತು. ಎಲ್ಲದರ ಮೇಲೆ ಅಂಗೈಯಗಲದ ಒಂದು ವಿಸ್ಕಿ ಪ್ಯಾಕೆಟ್ಟು ಬಂದು ಬಿತ್ತು.

ಅಳುತ್ತಿದ್ದ ಹೆಂಗಸರೆಲ್ಲ ಅಳು ನಿಲ್ಲಿಸಿದರು.

ಪಕ್ಕದಲ್ಲೇ ಬೆಂಚಿನ ಮೇಲೆ ಭೂತಪ್ಪ ಮಲಗಿದ್ದ. ಗದ್ದಕ್ಕೂ ನೆತ್ತಿಗೂ ಸೇರಿಸಿ ಬಿಳಿಬಟ್ಟೆ ಕಟ್ಟಿದ್ದರು. ನಿನ್ನೆ ಸೋಮವಾರ ಸಂಜೆ ಕೆಲಸ ಮುಗಿಸಿಕೊಂಡು ಭದ್ರಾವತಿ ಬಸ್ ಸ್ಟ್ಯಾಂಡಿನಲ್ಲಿ ಇಳಿದವನು ಹತ್ತು ಹೆಜ್ಜೆ ನಡೆದು ಕೂತ. ಕೂತವನು ಮತ್ತೆ ಏಳಲಿಲ್ಲ. ಹೃದಯ ನಿಂತಿದೆ ಎಂದು ಡಾಕ್ಟರು ಹೇಳಿದ್ದರು. ಊರಿನ ಬಾಯಿಗೆ ಡಾಕ್ಟರು ಯಾವ ಲೆಕ್ಕ? ಹಳೇ ಕುಡುಕನೊಬ್ಬ ಬಸ್ ಸ್ಟ್ಯಾಂಡಿನಲ್ಲಿ ಬಿದ್ದ ಎಂದ ಮೇಲೆ ಯಾಕೆ ಬಿದ್ದ ಎಂದು ಯಾರೂ ಕೇಳುವುದಿಲ್ಲ.

ಸತ್ತವನ ಅಣ್ಣ ಮೂರ್ತಪ್ಪ ಬಗ್ಗಿ ಪ್ಯಾಕೆಟ್ಟನ್ನು ಎತ್ತಿಕೊಂಡ. ಮಕ್ಕಳಿಲ್ಲದ ಮನೆಯಾದ್ದರಿಂದ ಇವತ್ತಿನ ಯಜಮಾನಿಕೆಯೆಲ್ಲ ಅವನದೇ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ಸಣ್ಣದಾಗಿ ಹೇಳಿದ. ಸಿಟ್ಟಿನಿಂದ ಹೇಳಲಿಲ್ಲ, ಅಯ್ಯೋ ಪಾಪ ಎನ್ನುವಂತೆ ಹೇಳಿದ. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

ಭೂತಪ್ಪ ಕುಡಿತ ಬಿಟ್ಟು ಹದಿನಾಲ್ಕು ವರ್ಷವಾಗಿತ್ತು. ಬಿಟ್ಟದ್ದಷ್ಟೇ ಅಲ್ಲ, ಶಿವಮೊಗ್ಗದ ವ್ಯಸನಮುಕ್ತಿ ಕೇಂದ್ರದಲ್ಲಿ ಬೇರೆಯವರಿಂದ ಬಿಡಿಸುವ ಕೆಲಸ ಮಾಡುತ್ತಿದ್ದ. ಬಿಟ್ಟ ಹೊಸದರಲ್ಲಿ ಚೌಡಮ್ಮ ದಿನಾ ಸಂಜೆ ಬಾಗಿಲಲ್ಲೇ ಅವನ ಬಾಯಿ ಮೂಸಿ ನೋಡಿ ಒಳಗೆ ಬಿಡುತ್ತಿದ್ದಳು. ವರ್ಷ ಕಳೆದ ಮೇಲೆ ಅವಳು ಮೂಸುವುದನ್ನು ಬಿಟ್ಟರೂ ಅವನು ಬಿಡಲಿಲ್ಲ. ಚಪ್ಪಲಿ ಬಿಟ್ಟವನೇ ಅವಳ ಮುಖದ ಹತ್ತಿರ ಬಂದು ‘ಹಾ’ ಎಂದು ಉಸಿರು ಬಿಟ್ಟು, ಆಮೇಲೆ ನೀರು ಕೇಳುತ್ತಿದ್ದ. ಕೇಂದ್ರದಲ್ಲಿ ಇದನ್ನು ನಗುನಗುತ್ತ ಹೇಳಿಕೊಳ್ಳುತ್ತಿದ್ದ. ಬೇರೆ ಗಂಡಂದಿರು ಹೂವು ತರುತ್ತಾರೆ, ನಾನು ಉಸಿರು ತರುತ್ತೀನಿ ಎನ್ನುತ್ತಿದ್ದ.

ಚೌಡಮ್ಮ ಸಮತಾಳ ಕಡೆ ತಿರುಗಿದಳು.

“ಮೇಡಂನೋರೆ, ನೀವು ದಿನಾ ಜೊತೇಲಿ ಕೆಲಸ ಮಾಡೋರು. ಇದು ಯಾರದ್ದು ಹೇಳಿ. ಮೊನ್ನೆನೂ ನನ್ನ ಮುಂದೆ ಬಾಯಿ ತೆಗೆದು ತೋರಿಸಿದ್ರು.”

ಅದು ಯಾರದ್ದೆಂದು ಆ ಮನೆಯಲ್ಲಿ ಸಮತಾಳೊಬ್ಬಳಿಗೇ ಗೊತ್ತಿತ್ತು. ಅದು ಯಾಕೆ ಇನ್ನೂ ಬ್ಯಾಗಿನಲ್ಲಿತ್ತು ಎಂಬುದೂ ಅವಳೊಬ್ಬಳಿಗೇ ಗೊತ್ತಿತ್ತು.

“ಅದು ಕ್ಲಾಸಿಗೆ ತೋರಿಸೋಕೆ ಇಟ್ಕೊಂಡಿದ್ದು ಅಮ್ಮ,” ಎಂದಳು. “ಟ್ರೈನಿಂಗಲ್ಲಿ ನಾಟಕದ ಥರ ಮಾಡ್ತೀವಿ. ಅದಕ್ಕೆ ಬೇಕಾಗುತ್ತೆ.”

ಚೌಡಮ್ಮ ಗಂಡನ ಕಾಲಿನ ಮೇಲೆ ಹಣೆಯಿಟ್ಟು ಮತ್ತೆ ಅಳತೊಡಗಿದಳು. ಈ ಸಲದ ಅಳುವಿನಲ್ಲಿ ನೆಮ್ಮದಿಯಿತ್ತು. ಮೂರ್ತಪ್ಪ ಮಾತ್ರ ಸಮತಾಳನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಪ್ಯಾಕೆಟ್ಟನ್ನು ಅಂಗಿ ಜೇಬಿಗೆ ಇಳಿಸಿದ.

ಹೊರಗೆ ಶಾಮಿಯಾನದ ಕಂಬಕ್ಕೆ ಒರಗಿ ಯೋಗೇಶ್ ನಿಂತಿದ್ದ. ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದ ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು. ಇಪ್ಪತ್ತಾರರ ಆಟೋ ಮೆಕ್ಯಾನಿಕ್. ಕುಡಿದ ಅಮಲಿನಲ್ಲಿ ಒಬ್ಬನ ತಲೆ ಒಡೆದು ಸೋಗಾನೆ ಜೈಲು ಸೇರಿದ್ದ. ವಾರಕ್ಕೊಮ್ಮೆ ಕೇಂದ್ರಕ್ಕೆ ಹೋಗಬೇಕು, ಕುಡಿಯಬಾರದು ಎಂಬ ಷರತ್ತಿನ ಮೇಲೆ ಜಾಮೀನು ಸಿಕ್ಕಿತ್ತು. ಒಂಬತ್ತು ತಿಂಗಳಿಂದ ಕುಡಿದಿರಲಿಲ್ಲ. ನಾಡಿದ್ದು ಗುರುವಾರ ಕೋರ್ಟಿನ ತಾರೀಕು. ಈಗ ಒಂದು ಗುಟುಕು ಒಳಗೆ ಹೋದರೂ ಅವನು ಮತ್ತೆ ಸೋಗಾನೆಗೇ.

ಅವನಂಥವರು ಇನ್ನೂ ಏಳೆಂಟು ಜನ ರಸ್ತೆಯ ಆಚೆ ಬದಿಯಲ್ಲಿ ಬಿಡಿಬಿಡಿಯಾಗಿ ನಿಂತಿದ್ದರು. ಯಾರೂ ಒಳಗೆ ಬಂದಿರಲಿಲ್ಲ. ಬಂದರೆ ನೀವು ಯಾರು, ಅವರು ಹೇಗೆ ಗೊತ್ತು ಎಂದು ಕೇಳುತ್ತಾರೆ. ಹೇಳಿದರೆ ತಮ್ಮ ಚರಿತ್ರೆ ತಾವೇ ಬಿಚ್ಚಿದಂತೆ. ಭೂತಪ್ಪನೂ ಬೀದಿಯಲ್ಲಿ ಅವರನ್ನು ಕಂಡರೆ ತಾನಾಗಿ ಮಾತಾಡಿಸುತ್ತಿರಲಿಲ್ಲ. ಅವರಾಗಿ ನಕ್ಕರೆ ಮಾತ್ರ ನಗಬೇಕು ಎಂಬುದು ಈ ಕೆಲಸದ ಮೊದಲ ಪಾಠ. ಗೊತ್ತಿಲ್ಲದವರು ಅವನಿಗೆ ಸೊಕ್ಕು ಎಂದುಕೊಂಡಿದ್ದರು.

“ಮೇಡಂ, ಸಾರ್‌ಗೆ ಬೇಕು ಅಂತ ಅನ್ನಿಸ್ತಾನೇ ಇರ್ಲಿಲ್ವಾ?” ಎಂದು ಯೋಗೇಶ್ ಕೇಳಿದ. “ನಂಗೆ ದಿನಾ ಅನ್ಸುತ್ತೆ. ನಿಂತ್ರೂ ಅದೇ, ಕೂತ್ರೂ ಅದೇ. ಅವ್ರು ಅದನ್ನ ಬ್ಯಾಗಲ್ಲಿಟ್ಕೊಂಡು ಪೆನ್ನಿಟ್ಕೊಂಡಂಗೆ ಓಡಾಡ್ತಿದ್ರು ಅಂದ್ರೆ… ನಾನೇ ಎಲ್ಲೋ ಕೆಟ್ಟೋಗಿದೀನಿ ಅನ್ಸುತ್ತೆ.”

ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಳಗೆ ಚೌಡಮ್ಮ ಈಗಷ್ಟೇ ಸಮಾಧಾನವಾಗಿದ್ದಾಳೆ. ಇಲ್ಲಿ ಇವನಿಗೆ ಹೇಳಿದ್ದು ಅಲ್ಲಿಗೆ ಮುಟ್ಟಲು ಎಷ್ಟು ಹೊತ್ತು? ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವಳ ಹಾಗೆ ಸಮತಾ ನಿಂತಳು.

“ಆಮೇಲೆ ಮಾತಾಡೋಣ ಯೋಗೇಶ್,” ಎಂದಳು.

ಅವನು ಆಯಿತೆಂದು ತಲೆಯಾಡಿಸಿ ರಸ್ತೆ ದಾಟಿ ಹೋದ.

*

ದುರ್ಗಿಗುಡಿಯಲ್ಲಿ ಒಂದು ಮೆಡಿಕಲ್ ಶಾಪಿನ ಮಹಡಿಯ ಮೇಲೆ ಕೇಂದ್ರದವರ ತರಬೇತಿ ಹಾಲು ಇದೆ. ಕುಡುಕರ ಜೊತೆ, ಗಾಂಜಾ ಸೇದುವವರ ಜೊತೆ, ಜೈಲಿನಿಂದ ಬಂದವರ ಜೊತೆ ಹೇಗೆ ಮಾತಾಡಬೇಕು ಎಂಬುದನ್ನು ಅಲ್ಲಿ ಮೂರು ತಿಂಗಳು ಕಲಿಸುತ್ತಾರೆ. ನರ್ಸುಗಳು ಬರುತ್ತಾರೆ, ಕಾಲೇಜು ಮುಗಿಸಿದವರು ಬರುತ್ತಾರೆ, ಜೈಲಿನ ಸಿಬ್ಬಂದಿ ಬರುತ್ತಾರೆ. ಮುಗಿಸಿದವರಿಗೆ ಆಪ್ತಸಮಾಲೋಚಕರು ಎಂಬ ಸರ್ಟಿಫಿಕೇಟು ಸಿಗುತ್ತದೆ.

ಮೂರು ವರ್ಷದ ಹಿಂದೆ ಸಮತಾ ಸಮಾಜಕಾರ್ಯದಲ್ಲಿ ಎಂ.ಎ. ಮಾಡಿಕೊಂಡು ಅಲ್ಲಿಗೆ ಬಂದಾಗ ಪಾಠಕ್ಕೆ ನಿಂತದ್ದು ಏಳನೇ ಕ್ಲಾಸು ಫೇಲಾದ ಭೂತಪ್ಪ. ಮೊದಲ ದಿನವೇ ರೋಲ್ ಪ್ಲೇ. ಭೂತಪ್ಪ ಕುಡುಕನಾಗಿ ಕೂತ, ಸಮತಾ ಎದುರು ಕೂತು ಕುಡಿಯುವುದು ತಪ್ಪಲ್ಲವೇ ಎಂದು ಕೇಳಿದಳು. ಅವನು ಪಾತ್ರ ಬಿಟ್ಟು ಹೊಟ್ಟೆ ಹಿಡಿದು ನಕ್ಕ. ತಪ್ಪು ಅಂತ ಗೊತ್ತಿಲ್ದೆ ಯಾವನೂ ಕುಡಿಯಲ್ಲ ಮೇಡಂ, ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳಿ ಎಂದ. ಮಗಳ ವಯಸ್ಸಿನವಳನ್ನು ಅವನು ಮೊದಲಿನಿಂದಲೂ ಮೇಡಂ ಎಂದೇ ಕರೆದ.

ಅವನು ಕಲಿಸಿದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ. ಹತ್ತೊಂಬತ್ತಕ್ಕೆ ಕಾರ್ಖಾನೆ ಸೇರಿ ಕುಲುಮೆಯ ಮುಂದೆ ಬೆಂದವನು, ಆ ಕಾವು ಇಳಿಸಲು ಕುಡಿಯಲು ಕಲಿತವನು, ಕೆಲಸ ಕಳೆದುಕೊಂಡವನು, ಚೌಡಮ್ಮ ಆಯನೂರಿನ ತವರಿಗೆ ಹೋಗಿ ಕೂತದ್ದನ್ನು ಕಂಡವನು, ಬಾರಿನ ಜಗಳದಲ್ಲಿ ಮೂರು ತಿಂಗಳು ಜೈಲು ಉಂಡವನು. ಅಲ್ಲಿಂದ ಎದ್ದು ಬಂದು ಕೇಂದ್ರದಲ್ಲಿ ಮೊದಲು ನೆಲ ಒರೆಸಿದ, ಆಮೇಲೆ ರೋಗಿಗಳ ಕಾವಲು ಕಾದ, ಆಮೇಲೆ ಮಾತಾಡಿಸಿದ. ಒಂದು ಪಾಠವನ್ನಂತೂ ಪ್ರತಿ ಬ್ಯಾಚಿಗೂ ತಪ್ಪದೆ ಹೇಳುತ್ತಿದ್ದ: “ಕುಡಿಯೋನ ಕೈಯಿಂದ ಬಾಟ್ಲಿ ಕಿತ್ಕೋಬಾರ್ದು, ಸಂಜೆಗೆ ಇನ್ನೊಂದು ತಗೋತಾನೆ. ಅವನೇ ಕೊಡೋವರೆಗೂ ಕಾಯ್ಬೇಕು. ಕೊಟ್ಟ ಗಳಿಗೇಲಿ ಮಾತ್ರ ತಡ ಮಾಡ್ಬಾರ್ದು. ಆಮೇಲೆ ಅನ್ನೋದು ಅವನ ಹತ್ರ ಇರಲ್ಲ.”

ಹೋದ ಬುಧವಾರ ಆಡಳಿತ ಮಂಡಳಿಯವರು ಮೀಟಿಂಗ್ ಕರೆದು ಹೊಸ ನಿಯಮ ಓದಿದರು. ಮುಂದಿನ ತಿಂಗಳಿಂದ ಸರ್ಟಿಫಿಕೇಟು ಇದ್ದವರಷ್ಟೇ ತರಬೇತಿ ಕೊಡಬೇಕು, ಜೈಲಿಗೆ ಹೋಗಬೇಕು, ಕೋರ್ಟಿನ ರಿಪೋರ್ಟಿಗೆ ಸಹಿ ಹಾಕಬೇಕು. ಆ ಸರ್ಟಿಫಿಕೇಟಿನ ಕೋರ್ಸಿಗೆ ಸೇರಲು ಪಿಯುಸಿಯಾದರೂ ಆಗಿರಬೇಕು. ಹಾಗಾಗಿ ಅಷ್ಟು ಬ್ಯಾಚುಗಳನ್ನು ಪಾಸು ಮಾಡಿಸಿದ ಭೂತಪ್ಪನಿಗೆ ಮತ್ತೆ ವಾರ್ಡಿನ ಕಾವಲು, ಅವನ ಕುರ್ಚಿ ಸಮತಾಳಿಗೆ. ಅವನು ಎದ್ದು ನಿಂತು, ಒಳ್ಳೇದಾಯ್ತು, ಮೇಡಂ ಚೆನ್ನಾಗಿ ಮಾಡ್ತಾರೆ ಎಂದ. ಸಮತಾಳಿಗೆ ನೆಲ ಬಿರಿಯಬಾರದೇ ಎನ್ನಿಸಿತು. ಆದರೆ ಬೇಡ ಎನ್ನಲೂ ಇಲ್ಲ. ಕುರ್ಚಿ ಬಂದಾಗ ಬೇಡ ಎನ್ನುವವರು ಎಷ್ಟು ಜನ ಇದ್ದಾರೆ?

ಶನಿವಾರದ ಕ್ಲಾಸಿನಲ್ಲಿ ಅವಳು ಸಮಾಲೋಚಕಿ, ಅವನು ಸಹಾಯ ಕೇಳಿ ಬಂದವನು. ಸುತ್ತ ಹದಿನೆಂಟು ಜನ ನೋಟ್‌ಬುಕ್ ಹಿಡಿದು ಕೂತಿದ್ದರು. ಭೂತಪ್ಪ ಹಿಂದೆ ಕಳ್ಳನ ಪಾತ್ರ ಕಟ್ಟಿದ್ದ, ಹೆಂಡತಿಗೆ ಹೊಡೆಯುವವನ ಪಾತ್ರ ಕಟ್ಟಿದ್ದ. ಒಮ್ಮೆ ಅವನು ಅತ್ತದ್ದಕ್ಕೆ ನರ್ಸೊಬ್ಬಳು ಎದ್ದು ಹೋಗಿ ಮುಖ ತೊಳೆದು ಬಂದಿದ್ದಳು. ಆ ದಿನ ಅವನು ಹದಿನಾಲ್ಕು ವರ್ಷ ಕುಡಿಯದ ಒಬ್ಬ ಕೆಲಸಗಾರನಾದ.

“ಬುಧವಾರ ತಗೊಂಡೆ,” ಎಂದು ಬ್ಯಾಗಿನಿಂದ ಪ್ಯಾಕೆಟ್ಟು ತೆಗೆದು ತೊಡೆಯ ಮೇಲಿಟ್ಟುಕೊಂಡ. “ಇವತ್ತಿಗೆ ನಾಲ್ಕು ದಿನ. ಒಡೆದಿಲ್ಲ. ಬಿಸಾಕೋಕೂ ಆಗ್ತಿಲ್ಲ. ಎಲ್ರೂ ಅವರವರದ್ದು ತಂದು ನನ್ನ ಕೈಗೆ ಕೊಡ್ತಾರೆ ಮೇಡಂ. ನಾನು ಯಾರಿಗೆ ಕೊಡ್ಲಿ?”

ಸಮತಾ ಪುಸ್ತಕದ ಪ್ರಕಾರ ಹೋದಳು. ಸೊನ್ನೆಯಿಂದ ಹತ್ತರಲ್ಲಿ ಆಸೆ ಎಷ್ಟಿದೆ ಎಂದು ಕೇಳಿದಳು. ಒಂಬತ್ತು ಎಂದ. ಇಷ್ಟು ದಿನ ತಡೆದದ್ದು ಯಾವುದು ಎಂದು ಕೇಳಿದಳು. ಸಂಜೆ ಬಾಗಿಲಲ್ಲಿ ನಿಲ್ಲೋಳು ಎಂದ. ನಿಮ್ಮ ಶಕ್ತಿ ನಿಮಗೇ ಗೊತ್ತಿಲ್ಲ ಎಂದು ಅವಳು ಮುಗಿಸಿದಳು. ಹದಿನೆಂಟು ಜನ ಚಪ್ಪಾಳೆ ತಟ್ಟಿದರು.

ಎಲ್ಲರೂ ಕೆಳಗಿಳಿದು ಟೀ ಕುಡಿಯಲು ಹೋದ ಮೇಲೆ ಅವನು ಅವಳ ಮೇಜಿನ ಹತ್ತಿರ ಬಂದು ಎರಡೂ ಕೈಯಲ್ಲಿ ಪ್ಯಾಕೆಟ್ಟು ಹಿಡಿದು ಚಾಚಿದ.

“ತಗೊಳ್ಳಿ ಮೇಡಂ.”

“ಇಟ್ಕೊಳ್ಳಿ ಸಾರ್,” ಎಂದಳು ಅವಳು, ಫಾರಂ ತುಂಬುತ್ತ, ತಲೆ ಎತ್ತದೆ. “ಮುಂದಿನ ಶನಿವಾರದ ಕ್ಲಾಸಿಗೂ ಬೇಕಾಗುತ್ತೆ.”

ಅವನು ಚಾಚಿದ ಕೈ ಹಿಂದಕ್ಕೆಳೆದ. ಆಮೇಲೆ ಆಯ್ತು ಎಂದು ಅದನ್ನು ಬ್ಯಾಗಿಗೆ ಹಾಕಿಕೊಂಡು ಝಿಪ್ಪು ಎಳೆದ. ಅವಳು ತುಂಬುತ್ತಿದ್ದದ್ದು ಅವನದೇ ಫಾರಂ. ಐದಕ್ಕೆ ನಾಲ್ಕು ಅಂಕ ಕೊಟ್ಟು, ಪಾತ್ರ ತುಸು ಅತಿಯಾಯಿತು ಎಂದು ಷರಾ ಬರೆದಿದ್ದಳು.

*

ಮೂರು ಗಂಟೆಗೆ ಚಟ್ಟ ಎತ್ತಿದರು. ತಮಟೆಯವರು ಮುಂದೆ, ಮೂರ್ತಪ್ಪ ಮಡಕೆ ಹಿಡಿದು ಅವರ ಹಿಂದೆ. ಅವರಲ್ಲಿ ಹೆಂಗಸರೂ ಮಣ್ಣಿಗೆ ಹೋಗುತ್ತಾರೆ. ಚೌಡಮ್ಮನ ರಟ್ಟೆ ಹಿಡಿದು ಸಮತಾ ನಡೆದಳು. ಮುಚ್ಚಿದ ಕಾರ್ಖಾನೆಯ ಗೋಡೆ ಅರ್ಧ ಮೈಲಿ ಅವರ ಪಕ್ಕದಲ್ಲೇ ಬಂತು. ರಸ್ತೆಯ ಆಚೆ ಬದಿಯ ಗಂಡಸರೂ ಅದೇ ನಡಿಗೆಯಲ್ಲಿ ಬರುತ್ತಿದ್ದರು, ಯಾವುದೋ ಬೇರೆ ಕೆಲಸಕ್ಕೆ ಹೊರಟವರ ಹಾಗೆ.

ಸಮತಾ ದಾರಿಯುದ್ದಕ್ಕೂ ತನ್ನೊಳಗೇ ವಾದ ಮಾಡಿದಳು. ಶನಿವಾರ ಅವನು ಹೇಳಿದ್ದು ನಾಟಕವಾದರೆ ಹೇಳುವಂಥದ್ದು ಏನೂ ಇಲ್ಲ. ನಿಜವಾದರೆ ಅದು ಸಮಾಲೋಚನೆಯಲ್ಲಿ ಹೇಳಿದ ಮಾತು, ಹೊರಗೆ ಆಡುವಂತಿಲ್ಲ. ಎರಡು ಕಡೆಯಿಂದಲೂ ಬಾಯಿ ಮುಚ್ಚಿಕೊಂಡಿರುವುದೇ ಸರಿ ಎಂದು ಬರುತ್ತಿತ್ತು. ಹೀಗೆ ಎಲ್ಲ ಕಡೆಯಿಂದಲೂ ತನಗೇ ಅನುಕೂಲವಾಗುವ ನಿಯಮದ ಮೇಲೆ ಅವಳಿಗೆ ಅಸಹ್ಯ ಹುಟ್ಟಿತು. ಅಡಕತ್ತರಿಗೆ ಸಿಕ್ಕ ಅಡಕೆಗೆ ಕೂಡ ಒಂದೇ ಸಲಕ್ಕೆ ಬಿಡುಗಡೆಯಾಗುತ್ತದೆ, ಅವಳಿಗೆ ಅದೂ ಇರಲಿಲ್ಲ.

ರುದ್ರಭೂಮಿಯಲ್ಲಿ ಗುಂಡಿ ತಯಾರಿತ್ತು. ಹೆಣವನ್ನು ಅಂಚಿನಲ್ಲಿ ಇಳಿಸಿ, ಗದ್ದಕ್ಕೆ ಕಟ್ಟಿದ ಬಟ್ಟೆ ಬಿಚ್ಚಿ, ಬಾಯಿಗೆ ಅಕ್ಕಿ ಹಾಕಲು ಹತ್ತಿರದವರನ್ನು ಕರೆದರು. ಚೌಡಮ್ಮ ಹಾಕಿದಳು, ನೆಂಟರು ಹಾಕಿದರು. ಕೊನೆಗೆ ಮೂರ್ತಪ್ಪ ತಮ್ಮನ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಜೇಬಿನಿಂದ ಪ್ಯಾಕೆಟ್ಟು ತೆಗೆದ. ಅವರಲ್ಲಿ ಅದು ಹೊಸದೇನಲ್ಲ. ಸತ್ತವನ ಆಸೆ ಬಾಕಿ ಉಳಿಯಬಾರದೆಂದು ಅವನಿಗೆ ಇಷ್ಟವಾದದ್ದನ್ನು ಬಾಯಿಗೆ ಮುಟ್ಟಿಸಿಯೇ ಮಣ್ಣಿಗಿಡುತ್ತಾರೆ. ಅಪ್ಪನಿಗೂ ಹೀಗೇ ಮಾಡಿದ್ದೆವು, ಆಸೆ ಇಟ್ಕೊಂಡು ಹೋದ್ರೆ ಜೀವ ಅಲೆಯುತ್ತೆ ಎಂದ. ಅವನ ಕಣ್ಣಲ್ಲಿ ನೀರಿತ್ತು.

ಭಾವ, ಅದು ಅವರದ್ದಲ್ಲ, ಕ್ಲಾಸಿಂದು ಅಂದ್ರಲ್ಲ ಮೇಡಂ ಎಂದು ಚೌಡಮ್ಮ ತಡೆದಳು. ಮೂರ್ತಪ್ಪ ತಲೆಯಾಡಿಸಿದ. ಸತ್ತವರ ಮುಂದೆ ಸುಳ್ಳು ಯಾಕಮ್ಮ, ಹಂಗಂತ ಹೇಳಿದೋರಿಗೂ ಗೊತ್ತು, ನಂಗೂ ಗೊತ್ತು ಎನ್ನುತ್ತ ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿಗೆ ಕೊಟ್ಟ.

ಬೇಲಿಯ ಆಚೆಯಿಂದ ಆ ಗಂಡಸರು ಈಗ ಒಳಗೆ ಬಂದಿದ್ದರು. ಯೋಗೇಶ್ ಮುಂದಿದ್ದ. ಮೂರ್ತಪ್ಪನ ಕೈಯಲ್ಲಿದ್ದದ್ದನ್ನು ಅವನು ಕಣ್ಣು ಕೀಳದೆ ನೋಡುತ್ತಿದ್ದ.

“ಅವರದ್ದೇ,” ಎಂದಳು ಸಮತಾ. “ಆದ್ರೆ ಬಾಯಿಗೆ ಹಾಕ್ಬೇಡಿ.”

ತಮಟೆ ನಿಂತಿತು. ಈಗ ನಿಲ್ಲಿಸಿದರೆ ಜನ್ಮದಲ್ಲಿ ಹೇಳಲಾರೆ ಎಂದು ಅವಳಿಗೆ ಗೊತ್ತಾಯಿತು.

“ನಾನು ಸುಳ್ಳು ಹೇಳ್ದೆ. ಕ್ಲಾಸಿಗೆ ಅಂತ ತಂದಿದ್ದಲ್ಲ. ಬುಧವಾರ ಅವರೇ ತಗೊಂಡಿದ್ರು. ಆಸೆ ಇತ್ತು, ಹತ್ತರಲ್ಲಿ ಒಂಬತ್ತು ಅಂತ ಅವರ ಬಾಯಿಂದಾನೇ ಹೇಳಿದ್ರು. ಆರು ದಿನ ಬ್ಯಾಗಲ್ಲಿಟ್ಕೊಂಡು ಬಸ್ಸು ಹತ್ತಿ ಇಳಿದ್ರು. ಒಡೆದಿಲ್ಲ, ನೋಡಿ, ಸೀಲು ಹಂಗೇ ಇದೆ. ಶನಿವಾರ ನನ್ನ ಕೈಗೆ ಕೊಡೋಕೆ ಬಂದ್ರು.” ಅವಳು ಚೌಡಮ್ಮನ ಕಡೆ ತಿರುಗಿದಳು. “ನಾನು ತಗೊಳ್ಳಲಿಲ್ಲ. ನಾಟಕ ಮಾಡ್ತಿದಾರೆ ಅಂದ್ಕೊಂಡೆ. ಇಟ್ಕೊಳ್ಳಿ ಅಂದೆ.”

ಮೂರ್ತಪ್ಪ ಹಲ್ಲಿನಿಂದ ಪ್ಯಾಕೆಟ್ಟನ್ನು ತೆಗೆದ. ಮೂಲೆಯಲ್ಲಿ ಅವನ ಹಲ್ಲಿನ ಗುರುತು ಮೂಡಿತ್ತು, ತೂತಾಗಿರಲಿಲ್ಲ. ಅವನಿಗೆ ಅದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ತಮ್ಮನ ಮುಖ ನೋಡಿದ, ಸುತ್ತ ನೆರೆದವರ ಮುಖ ನೋಡಿದ, ಕೊನೆಗೆ ಚೌಡಮ್ಮನ ಕಡೆ ಚಾಚಿದ.

ಚೌಡಮ್ಮ ಅದನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಐದು ಸಂಜೆ ಇದನ್ನ ಬ್ಯಾಗಲ್ಲಿಟ್ಕೊಂಡೇ ಉಸಿರು ತೋರಿಸಿದ್ರು ಎಂದು ತನಗೇ ಹೇಳಿಕೊಂಡಳು. ಗುಂಡಿಯಿಂದ ಹತ್ತು ಹೆಜ್ಜೆ ಆಚೆ ಹೋಗಿ, ತಾನೇ ಹಲ್ಲಿನಿಂದ ಹರಿದು, ಎಲ್ಲವನ್ನೂ ಹುಲ್ಲಿನ ಬುಡಕ್ಕೆ ಸುರಿದಳು. ಗಾಳಿಗೆ ವಾಸನೆ ಹಬ್ಬಿತು. ಖಾಲಿಯಾದ ಪೊಟ್ಟಣ ಬಿಸಾಕಿ ಸೆರಗಿನಲ್ಲಿ ಕೈ ಒರೆಸಿಕೊಂಡು ಸಮತಾಳ ಎದುರಿಗೆ ಬಂದು ನಿಂತಳು. ಅವಳು ಬೈಯಲಿಲ್ಲ. ಮೇಡಂ ಎನ್ನಲೂ ಇಲ್ಲ.

“ನೀನು ತಗೋಬೇಕಿತ್ತು,” ಎಂದಳು.

ಹೌದು ಎಂದು ಸಮತಾ ತಲೆ ಬಗ್ಗಿಸಿದಳು.

ಭೂತಪ್ಪನನ್ನು ಒಳಗೆ ಇಳಿಸಿದರು. ಮೂರು ಮೂರು ಹಿಡಿ ಮಣ್ಣು ಹಾಕಲು ಎಲ್ಲರೂ ಸಾಲಾಗಿ ಬಂದರು. ಮನೆಯವರಾದ ಮೇಲೆ ಸಮತಾಳ ಸರದಿ. ಅವಳ ಹಿಂದೆ, ಯಾರು ಎಂದು ಕೇಳಿದರೂ ಚಿಂತೆಯಿಲ್ಲ ಎಂಬಂತೆ, ಆ ಏಳೆಂಟು ಜನ ಬಂದು ನಿಂತರು. ಅವಳು ಒಂದು ಹಿಡಿ ಹಾಕಿದಳು. ಎರಡನೆಯದನ್ನು ಎತ್ತಿಕೊಂಡಾಗ ಬೆನ್ನ ಹಿಂದೆ ಯೋಗೇಶ್ ಮೆಲ್ಲಗೆ ಕರೆದ.

ಅವನು ಅಂಗಿ ಎತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಪ್ಯಾಕೆಟ್ಟೊಂದನ್ನು ಎಳೆದ. ಅದೂ ಒಡೆದಿರಲಿಲ್ಲ.

“ಬೆಳಿಗ್ಗೆ ತಗೊಂಡೆ ಮೇಡಂ. ಸಾರ್ ಹೋದ್ರು ಅಂತ ಫೋನ್ ಬಂದ ಮೇಲೆ,” ಎಂದ. ಅದನ್ನು ಹಿಡಿದ ಕೈ ಚಾಚಿದ. ಸಂಜೆಯವರೆಗೂ ಆ ಕೈ ಹಾಗೇ ಚಾಚಿಕೊಂಡಿರುತ್ತದೆ ಎಂದು ಹೇಳುವಂತಿರಲಿಲ್ಲ.

ಸಮತಾಳ ಕೈಯಲ್ಲಿದ್ದ ಮಣ್ಣು ಅವಳ ಪಾದದ ಮೇಲೇ ಉದುರಿತು. ಅವಳು ಪ್ಯಾಕೆಟ್ಟು ತೆಗೆದುಕೊಂಡಳು. ಅವನ ಮೈಯ ಕಾವಿಗೆ ಅದು ಬಿಸಿಯಾಗಿತ್ತು. ಯೋಗೇಶ್ ಪಕ್ಕಕ್ಕೆ ಸರಿದು ಮುಖ ಮುಚ್ಚಿಕೊಂಡ.

ಅವನ ಹಿಂದೆ ನೀಲಿ ಅಂಗಿಯವನೊಬ್ಬನಿದ್ದ. ಅವಳು ಅವನನ್ನು ಕೇಂದ್ರದಲ್ಲಿ ಎಂದೂ ನೋಡಿರಲಿಲ್ಲ. ಅವನು ಮಣ್ಣಿಗೆ ಬಗ್ಗದೆ, ಖಾಲಿಯಿದ್ದ ಅವಳ ಇನ್ನೊಂದು ಕೈಯನ್ನೇ ನೋಡುತ್ತ, ಒಳಜೇಬಿಗೆ ಬೆರಳು ಹಾಕಿದ.